ಕಾಲುವೆಗೆ ಇಳಿಯುವ ಮೆಟ್ಟಿಲು

ಡಾಕಾರ್ ಪಟ್ಟಣದ ಒಂದು ಕೇರಿಯಲ್ಲಿ ಅಲಸಂದೆ ವಡೆ ಕರಿದು ಮಾರುತ್ತಿದ್ದ ಮರೇಮ್, ಕೇರಿಯ ಅಂಚಿನ ಮಳೆನೀರಿನ ಕಾಲುವೆಯ ದಡಕ್ಕೆ ಕಾಲಿಡದೆ ಏಳು ವರ್ಷವಾಗಿತ್ತು. ಮಿಕ್ಕವರು ಕಸ ಸುರಿಯಲಾದರೂ ಅತ್ತ ಹೋಗುತ್ತಿದ್ದರು. ಇವಳು ಸುತ್ತು ಬಳಸಿ ಸಂತೆ ಸೇರುತ್ತಿದ್ದಳು. ಅವಳ ಗಂಡ ಬಿರಾಮ್ ಸತ್ತದ್ದು ಆ ಕಾಲುವೆಯಲ್ಲಿ.

ಅದು ಮಳೆಗಾಲ. ನೆರೆಮನೆಯ ದರ್ಜಿ ಗೋರ್ಗಿ ತಬಾಸ್ಕಿ ಹಬ್ಬದಲ್ಲಿ ಬಲಿ ಕೊಡಲೆಂದು ತಂದು ಕಟ್ಟಿದ್ದ ಟಗರು ಹಗ್ಗ ಹರಿದುಕೊಂಡು ಕಾಲುವೆಗೆ ಬಿತ್ತು. ಬಿರಾಮ್ ಹಿಂದೆಮುಂದೆ ನೋಡದೆ ಧುಮುಕಿ, ಅದನ್ನು ಹೆಗಲಿಗೇರಿಸಿ ಕೆಳಗಿನಿಂದಲೇ ದಡದ ಮೇಲಕ್ಕೆ ತಳ್ಳಿದ. ತಾನು ಹತ್ತುವಷ್ಟರಲ್ಲಿ ಮೇಲಿನ ಬಡಾವಣೆಗಳ ನೀರೆಲ್ಲ ಒಮ್ಮೆಲೇ ನುಗ್ಗಿ ಬಂತು. ಪಾಚಿಗಟ್ಟಿದ ಕಾಂಕ್ರೀಟ್ ಗೋಡೆಯಲ್ಲಿ ಕಾಲೂರಲು ಎಲ್ಲಿಯೂ ಎಡೆಯಿರಲಿಲ್ಲ. ಮರೇಮ್ ಆಗ ಸಂತೆಯಲ್ಲಿದ್ದಳು. ಗಂಡನನ್ನು ಮಣ್ಣು ಮಾಡಿದ ದಿನದಿಂದ ಅವಳು ಗೋರ್ಗಿಯ ಜತೆ ಮಾತು ಬಿಟ್ಟಳು. ಅವನೂ ಸಮಜಾಯಿಷಿ ಹೇಳಲು ಬರಲಿಲ್ಲ.

ಈ ವರ್ಷ ನಗರಸಭೆಯ ಅಧಿಕಾರಿಯೊಬ್ಬ ಬಂದು ಮಸೀದಿಯ ಮುಂದೆ ಚಾಪೆ ಹಾಸಿಸಿ ಸಭೆ ಕರೆದ. ಹೂಳು ತೆಗೆಸುತ್ತೇವೆ, ದಡದುದ್ದಕ್ಕೂ ಜನ ನಡೆದಾಡಲು ಹಾದಿ ಮಾಡುತ್ತೇವೆ, ಗಿಡ ನೆಟ್ಟು ಕೂರಲು ಕಟ್ಟೆ ಕಟ್ಟಿಸುತ್ತೇವೆ ಎಂದ.

"ಮೊದ್ಲು ಎತ್ತರಕ್ಕೊಂದು ಬೇಲಿ ಹಾಕ್ಸಿ," ಎಂದರು ನಾಲ್ಕಾರು ಜನ.

"ಹಾಕ್ಸಿ ಹಾಕ್ಸಿ," ಮುದುಕಿ ಸೊಖ್ನಾ ಗೊಣಗಿದಳು. "ಕಸ ಎಸೆಯೋವಾಗ ಇನ್ನಷ್ಟು ಜೋರಾಗಿ ಕೈ ಬೀಸ್ತೀರ, ಅಷ್ಟೇ."

ನಗು ಅಡಗಿದ ಮೇಲೆ ಮರೇಮ್ ಬಾಯಿಬಿಟ್ಟಳು. "ಬೇಲಿ ಹಾಕೋದಾದ್ರೆ ಹಾಕ್ಲಿ. ನೀರಿನ ತನಕ ಮೆಟ್ಟಿಲೂ ಇರ್ಲಿ. ಬಿದ್ದೋರು ಹತ್ತಿ ಬರ್ಬೇಕಲ್ಲ."

"ಮೆಟ್ಟಿಲು ಇದ್ರೆ ಮಕ್ಕಳು ಇಳೀತಾವಮ್ಮ," ಎಂದ ಅಧಿಕಾರಿ. ಹಲವರು ತಲೆಯಾಡಿಸಿದರು.

ಆಗ ಹಿಂದಿನ ಸಾಲಿನಿಂದ ಗೋರ್ಗಿ ಎದ್ದು ನಿಂತ. "ಅವಳು ಹೇಳೋದು ಸರಿ. ಆವತ್ತು ಬಿರಾಮ್ ಕೈ ನನ್ನ ಕೈಯಲ್ಲಿತ್ತು. ಬೋರಲು ಮಲ್ಕೊಂಡು ಹಿಡ್ಕೊಂಡಿದ್ದೆ. ಕಾಲಿಡೋಕೆ ಗೇಣು ಜಾಗ ಇದ್ದಿದ್ರೂ ಸಾಕಾಗಿತ್ತು. 'ಬಿಟ್ಬಿಡೋ, ನೀನೂ ಬೀಳ್ತೀಯ' ಅಂದ. ನಾನು ಬಿಡ್ಲಿಲ್ಲ. ಜಾರಿ ಹೋಯ್ತು."

ಮರೇಮ್ ಇದನ್ನು ಕೇಳಿದ್ದು ಅಂದೇ ಮೊದಲು. ಅವನ ಕೈಗಳನ್ನು ನೋಡಿದಳು.

"ಇಷ್ಟು ವರ್ಷ ಯಾಕಣ್ಣ ಹೇಳ್ಲಿಲ್ಲ?"

"ಯಾವ ಮುಖ ಇಟ್ಕೊಂಡು ಹೇಳ್ಲಿ ತಾಯಿ? ಟಗರು ನಂದು."

ಅಧಿಕಾರಿ ಮೇಲಿನವರನ್ನು ಕೇಳಿ ಹೇಳುತ್ತೇನೆಂದು ಹೋದ. ಬೇಸಿಗೆ ಕಳೆಯುವ ಹೊತ್ತಿಗೆ ಹಾದಿಯಾಯಿತು, ಎರಡು ಕಡೆ ಕಬ್ಬಿಣದ ಹಿಡಿಕಂಬಿಯಿರುವ ಮೆಟ್ಟಿಲೂ ಆದವು. ನೀರೇನೂ ತಿಳಿಯಾಗಲಿಲ್ಲ, ನಾತ ಮಾತ್ರ ತಗ್ಗಿತು. ಸಂಜೆ ಜನ ಮಕ್ಕಳನ್ನು ಕರೆದುಕೊಂಡು ತಿರುಗಾಡಲು ಬರತೊಡಗಿದರು. ಕದ್ದುಮುಚ್ಚಿ ಕಸ ಎಸೆಯುವವರನ್ನು ಸೊಖ್ನಾ ಕಟ್ಟೆಯ ಮೇಲೆ ಕೂತೇ ಬೈದು ಓಡಿಸುತ್ತಿದ್ದಳು.

ಮೊದಲ ದೊಡ್ಡ ಮಳೆ ಬಂದ ದಿನ ಮರೇಮ್ ಒಲೆ ಆರಿಸಿ ದಡಕ್ಕೆ ನಡೆದಳು. ಗೋರ್ಗಿ ಆಗಲೇ ಅಲ್ಲಿ ನೆನೆಯುತ್ತ ನಿಂತಿದ್ದ. ಕೆಂಪು ನೀರು ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುತ್ತ ಏರಿತು. ಅದು ಇಳಿಯುವ ತನಕ ಇಬ್ಬರೂ ಅಲ್ಲಿಂದ ಕದಲಲಿಲ್ಲ.