ಬೆಥಿಯಾಳ ಬಟ್ಟೆಗಡುಬು ಮತ್ತು ಕೊನೆಯ ಅಧ್ಯಾಯ

“ನಲವತ್ತು ವರ್ಷದಿಂದ ಕಡುಬು ಬೇಯಿಸ್ತಿದೀನಿ. ತಿಂದೋರು ಯಾರೂ ಸತ್ತಿಲ್ಲ ಅನ್ನೋದೇನು ದೊಡ್ಡ ಮಾತಲ್ಲ. ಯಾರೂ ಕೆಮ್ಮಿದ್ದೂ ಇಲ್ಲ!”

ಬೆಥಿಯಾ ಲಮ್ಸ್‌ಡೆನ್ ಈ ಮಾತನ್ನು ತನ್ನ ಕಡಲೂರು ಪಿಟ್‌ಲಾರಿಯ ಮೀನುಕಟ್ಟೆಯಲ್ಲಿ ನಿಂತು ಹೇಳಿದರೆ ಸಮುದ್ರದಾಚೆ ನಾರ್ವೆಯವರಿಗೂ ಕೇಳಿಸುತ್ತಿತ್ತು. ಅವರು ತಿರುಗಿ ಏನೋ ಕೂಗಿದರಂತೆ. ಗಾಳಿ ಈಚೆ ಬೀಸದ್ದರಿಂದ ಏನೆಂದು ತಿಳಿಯಲಿಲ್ಲ. ಪಿಟ್‌ಲಾರಿಯ ಗಾಳಿಯಾದರೂ ಎಂಥದ್ದು! ಸೋಮವಾರ ನಿಮ್ಮ ಟೋಪಿ ಹಾರಿಸಿಕೊಂಡು ಹೋದರೆ ಗುರುವಾರ ಇನ್ನೊಬ್ಬರ ಟೋಪಿ ತಂದು ತಲೆಯ ಮೇಲಿಡುತ್ತಿತ್ತು. ಅಳತೆ ಮಾತ್ರ ಸರಿಹೋಗುತ್ತಿರಲಿಲ್ಲ.

ಹುಡುಗಿಯಾಗಿದ್ದಾಗ ಬೆಥಿಯಾ ದೋಣಿಗಳ ಹಿಂದೆ ಊರೂರು ಅಲೆದು ಹೆರಿಂಗ್ ಮೀನು ಸೀಳಿದವಳು. ಅವಳ ಚಾಕುವಿನ ವೇಗ ಕಂಡು ಕೆಲವು ಮೀನುಗಳು ತಾವೇ ಹೊಟ್ಟೆ ಬಿಚ್ಚಿಕೊಳ್ಳುತ್ತಿದ್ದವಂತೆ. ಆ ಕೆಲಸ ಅವಳಿಗೆ ಎರಡು ಆಸ್ತಿ ಬಿಟ್ಟುಹೋಗಿತ್ತು: ಸೊಟ್ಟಗಾದ ಎಡಗೈಯ ಕಿರುಬೆರಳು, ಮತ್ತು ಎತ್ತಿನ ಬೆನ್ನು ತಟ್ಟಿದರೆ ಎತ್ತು ಮಂಡಿಯೂರುವಂಥ ತೋಳು. ಪೀಪಾಯಿ ಮಾಡುವವನೊಬ್ಬನನ್ನು ಮದುವೆಯಾದಳು. ಅವನು ತೀರಿಕೊಂಡ ಮೇಲೆ ಊರಿನ ಮೇಲ್ದಿಬ್ಬದಲ್ಲಿದ್ದ ಕಾದಂಬರಿಕಾರ ಹ್ಯೂ ಪಿಟೆನ್‌ಡ್ರಿಯವರ ಮನೆಗೆ ಅಡುಗೆಗೆ ಸೇರಿದಳು. ಹೋಗುವಾಗ ಜೊತೆಗೊಯ್ದದ್ದು ಮದುವೆಯ ವರ್ಷದ ಹಿಟ್ಟಿನ ಚೀಲದಿಂದ ಕತ್ತರಿಸಿದ ಒಂದು ಬಟ್ಟೆ. ಹಿಟ್ಟು, ಕೊಬ್ಬು, ಒಣದ್ರಾಕ್ಷಿ, ಕಾಕಂಬಿ, ದಾಲ್ಚಿನ್ನಿ ಕಲಸಿ, ಸಿಕ್ಕವರಿಗೆ ಅದೃಷ್ಟವೆಂದು ನಡುನಡುವೆ ಎಣ್ಣೆಕಾಗದದಲ್ಲಿ ಸುತ್ತಿದ ಮೂರು ಪೆನ್ನಿಯ ಬೆಳ್ಳಿ ನಾಣ್ಯ ಹುದುಗಿಸಿ, ಆ ಬಟ್ಟೆಯಲ್ಲಿ ಕಟ್ಟಿ ಅರ್ಧ ದಿನ ಬೇಯಿಸಿದರೆ ಅವಳ ಕಡುಬು. ಹೊಸವರ್ಷದ ದಿನ ಚರ್ಚಿನ ಚಹಾಕೂಟದಲ್ಲಿ ನಡುಮೇಜಿನ ಮೇಲೆ ಬೇರೆ ಯಾರದೂ ಕೂರುತ್ತಿರಲಿಲ್ಲ. ಬೆಥಿಯಾಳ ಪಾಲಿಗೆ ವರ್ಷವೆಂದರೆ ಆ ಒಂದು ಮಧ್ಯಾಹ್ನ. ಉಳಿದದ್ದೆಲ್ಲ ಪಾತ್ರೆ ತೊಳೆಯುವುದು.

ಪಿಟೆನ್‌ಡ್ರಿಯವರು ಮೊದಮೊದಲು ಬರೆದದ್ದು ಊರನ್ನು ಲೇವಡಿ ಮಾಡುವ ಕಾದಂಬರಿಗಳನ್ನು. ಕುದುರೆಗಳು ನೀರು ಕುಡಿಯುವ ಒಂದೇ ತೊಟ್ಟಿಯನ್ನು ಮೂರು ಸಲ ಉದ್ಘಾಟಿಸಿದ ಪುರಸಭಾಧ್ಯಕ್ಷ, ತನ್ನ ಉಪದೇಶಕ್ಕೆ ತಾನೇ ನಿದ್ದೆಹೋದ ಪಾದ್ರಿ, ಹೀಗೆ. ಊರಿಗೆ ಅವು ಬಹಳ ಹಿಡಿಸಿದವು. ಪ್ರತಿಯೊಬ್ಬನೂ ಅದರಲ್ಲಿ ನೆರೆಯವನನ್ನು ಗುರುತಿಸಿ ಹೊಟ್ಟೆ ಹಿಡಿದು ನಕ್ಕ. ಪುರಸಭಾಧ್ಯಕ್ಷರಂತೂ ಕುದುರೆತೊಟ್ಟಿಯ ಕಟ್ಟೆಯ ಮೇಲೇ ಕೂತು ಓದಿ, ಪಕ್ಕದೂರಿನ ಅಧ್ಯಕ್ಷನಿಗೆ ಸರಿಯಾಗಿ ಆಯಿತೆಂದು ನಕ್ಕು ತೊಟ್ಟಿಯೊಳಗೆ ಬಿದ್ದರು.

ಆದರೆ ಎಡಿನ್‌ಬರೋದ ಪ್ರಕಾಶಕರು ನಗಲಿಲ್ಲ. “ನಗುವವರು ಪುಸ್ತಕ ಎರವಲು ಪಡೆಯುತ್ತಾರೆ, ಹೆದರುವವರು ಕೊಳ್ಳುತ್ತಾರೆ. ಯಾರನ್ನಾದರೂ ಕೊಲ್ಲಿ” ಎಂದು ಬರೆದರು. ಪಿಟೆನ್‌ಡ್ರಿಯವರು ನೊಣ ಹೊಡೆದರೂ ಅದರ ಮನೆಯವರ ಕ್ಷಮೆ ಕೇಳುವ ಜಾತಿ. ಕೊಲೆಗೆ ಆಯುಧ ಹುಡುಕುತ್ತ ಅಡುಗೆಮನೆಯ ಬಾಗಿಲಿಗೆ ಬಂದರು. ಅಲ್ಲಿ ಬೆಥಿಯಾ ಕಡುಬಿನ ಹಿಟ್ಟು ಕಲಸುತ್ತಿದ್ದಳು.

ಹೊಸ ಕಾದಂಬರಿ ಬಂತು. ಜಮೀನ್ದಾರನೊಬ್ಬ ಅಡುಗೆಯವಳ ಬಟ್ಟೆಗಡುಬು ತಿಂದು ತಟ್ಟೆಯೊಳಗೇ ಮುಖವಿಟ್ಟು ಸಾಯುತ್ತಾನೆ. ಅಡುಗೆಯವಳ ಹೆಸರು ಬೇರೆ, ಆದರೆ ಎಡಗೈಯ ಕಿರುಬೆರಳು ಸೊಟ್ಟ. ಪೊಲೀಸರು ಅವಳನ್ನು ಹಿಡಿದು ಜೈಲಿಗೆ ಹಾಕುತ್ತಾರೆ.

ಊರಿಗೆ ಬಂದದ್ದು ಒಂದೇ ಪ್ರತಿ, ಅದೂ ಪಿಟೆನ್‌ಡ್ರಿಯವರು ಚರ್ಚಿನ ಮಹಿಳಾ ಸಂಘಕ್ಕೆ ದಾನ ಕೊಟ್ಟದ್ದು. ನೆರೆಯವರ ಹತ್ತಿರ ಇರುವ ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳುವುದು ಪಿಟ್‌ಲಾರಿಯಲ್ಲಿ ಹುಚ್ಚಿನ ಮೊದಲ ಲಕ್ಷಣ. ಒಬ್ಬೊಬ್ಬರೇ ಓದಿದರೆ ಮೊಮ್ಮಕ್ಕಳ ಕಾಲ ಬರುತ್ತದೆಂದು, ಚಮ್ಮಾರನ ಕೈಯಲ್ಲಿ ಅದನ್ನು ನಾಲ್ಕು ಭಾಗವಾಗಿ ಕುಯ್ಯಿಸಿ ಹಂಚಿದರು. ಮೂರು ಭಾಗ ಮನೆಯಿಂದ ಮನೆಗೆ ಬೆಂಕಿಯಂತೆ ಹಬ್ಬಿದವು. ಕೊನೆಯ ಭಾಗ ಚರ್ಚಿನ ಹಿರಿಯ ಡಾಲ್‌ಗಾರ್ನೊ ಅವರ ಕೈಸೇರಿ ಅಲ್ಲೇ ಕೂತುಬಿಟ್ಟಿತು. ಅವರು ಓದುವ ನಿಧಾನ ಎಷ್ಟೆಂದರೆ, ಪುಟದ ತುದಿ ಮುಟ್ಟುವಷ್ಟರಲ್ಲಿ ಮೇಲಿನ ಸಾಲಿನ ಪಾತ್ರಗಳಿಗೆ ಗಡ್ಡ ನೆರೆಯುತ್ತಿತ್ತು.

ಹೀಗಾಗಿ ಇಡೀ ಊರಿಗೆ ಗೊತ್ತಿದ್ದದ್ದು ಇಷ್ಟೇ: ಕೊಂದವಳು ಅಡುಗೆಯವಳು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಕಸಾಯಿಯವನ ಹೆಂಡತಿ ಯೂಫಿ ಟಾಡ್ ಬೆಥಿಯಾಳ ತೋಳು ಹಿಡಿದಳು. ಅವಳ ಕಣ್ಣು ಬಹಳ ವರ್ಷದಿಂದ ಆ ನಡುಮೇಜಿನ ಮೇಲಿತ್ತು.

“ಈ ವರ್ಷ ನೀನು ಆರಾಮಾಗಿರು ಕಣೇ ಬೆಥಿಯಾ. ಕಡುಬು ಬೇಡ. ನಾನೇ ಕೇಕು ತರ್ತೀನಿ.”

“ಯಾಕೆ, ನಂಗೇನಾಗಿದೆ?”

“ನಿಂಗೇನೂ ಆಗಿಲ್ಲ. ಆಗೋದು ತಿಂದೋರಿಗೆ.”

“ಅದು ಕಥೆ ಕಣೇ, ಬಾಯಿಬಡುಕಿ!”

“ಕಥೆ ಅಂತ ನಂಗೂ ಗೊತ್ತು. ಆದ್ರೂ ಅವ್ನ ಮುಖ ನೀಲಿಯಾಗಿದ್ದನ್ನ ಓದಿದ ಮೇಲೆ ದ್ರಾಕ್ಷಿ ಕಂಡ್ರೆ ಎದೆ ಧಸಕ್ ಅನ್ನುತ್ತೆ, ಏನ್ ಮಾಡ್ಲಿ?”

ಬೆಥಿಯಾ ಡಾಲ್‌ಗಾರ್ನೊ ಅವರ ಮನೆಗೆ ನಡೆದಳು. ಅವರು ಕಿಟಕಿಯ ಪಕ್ಕ ಕೂತು ಪುಟದ ಮೇಲೆ ಬೆರಳಿಟ್ಟು, ಬೆರಳು ಓಡಿಹೋದೀತೆಂಬಂತೆ ಅದನ್ನೇ ನೋಡುತ್ತಿದ್ದರು.

“ನನ್ ಕಥೆ ಏನಾಯ್ತು ಡಾಲ್‌ಗಾರ್ನೋರೇ?”

“ಇನ್ನೂ ಜೈಲಲ್ಲೇ ಇದೀಯಮ್ಮ. ಚಿಂತೆ ಬೇಡ, ಕಂಬಳಿ ಕೊಟ್ಟಿದಾರೆ.”

“ಸ್ವಲ್ಪ ಬೇಗ ಓದಿ. ಹೊಸವರ್ಷ ಬಂತು!”

“ಬೇಗ ಓದೋಕೆ ಇದೇನು ತಂತೀನಾ? ಹಿಂದಿಂದ ಓದು ಅಂತೀಯೇನೋ. ಅದು ಮೋಸ. ನಾನು ಬೈಬಲ್ಲನ್ನೇ ಹಾಗೆ ಓದಿಲ್ಲ.”

ಅಲ್ಲಿಂದ ಸೀದಾ ಯಜಮಾನರ ಓದುವ ಕೋಣೆಗೆ ಬಂದಳು.

“ಯಜಮಾನ್ರೇ, ಕೊಂದಿದ್ದು ನಾನೋ ಅಲ್ವೋ? ಅಷ್ಟು ಹೇಳ್ಬಿಡಿ.”

“ಮಿಸೆಸ್ ಲಮ್ಸ್‌ಡೆನ್, ಏನು ಬೇಕಾದ್ರೂ ಕೇಳಿ. ಕೊನೆ ಮಾತ್ರ ಕೇಳ್ಬೇಡಿ. ಹೇಳ್ಬಿಟ್ರೆ ಪುಸ್ತಕ ಯಾರು ಕೊಳ್ತಾರೆ?”

“ಈಗ ಯಾರು ಕೊಂಡಿದಾರೆ?”

ಬೆಥಿಯಾ ಸೊಟ್ಟ ಬೆರಳನ್ನು ಪಿಟೆನ್‌ಡ್ರಿಯವರ ಮೂಗಿನ ಮುಂದೆ ಹಿಡಿದಳು.

“ಸರಿ, ಹೇಳ್ಬೇಡಿ. ಆದ್ರೆ ಚಹಾಕೂಟಕ್ಕೆ ನೀವು ಬರ್ಬೇಕು. ಎಲ್ಲರ ಮುಂದೆ ಮೊದಲ್ನೇ ಹೋಳು ನೀವೇ ತಿನ್ಬೇಕು. ಇಲ್ದಿದ್ರೆ ನಾಳೆಯಿಂದ ನಿಮ್ಮ ಓಟ್ಸ್ ಗಂಜಿ ನೀವೇ ಕಾಯಿಸ್ಕೊಳ್ಳಿ.”

ಒಮ್ಮೆ ಅವರು ತಾವೇ ಗಂಜಿ ಕಾಯಿಸಿದ್ದರು. ಆ ಪಾತ್ರೆಯನ್ನು ಕೊನೆಗೆ ಕಡಲಿಗೆ ಎಸೆದರೆ ಒಂದು ದೋಣಿ ಅದಕ್ಕೆ ಢಿಕ್ಕಿ ಹೊಡೆದು ತಳ ಒಡೆದುಕೊಂಡಿತ್ತು. ಒಪ್ಪಿಕೊಂಡರು.

ಹೊಸವರ್ಷದ ಮಧ್ಯಾಹ್ನ ಚರ್ಚಿನ ಹಾಲ್ ತುಂಬಿತ್ತು. ಬೆಥಿಯಾ ಹೊತ್ತು ತಂದ ಕಡುಬು ಸಣ್ಣ ಬೆಟ್ಟದಷ್ಟಿತ್ತು. ಅದರ ನೆರಳಿನಲ್ಲಿ ಯೂಫಿಯ ಕೇಕು ಚಳಿಗೆ ಮುದುರಿಕೊಂಡಂತೆ ಕಂಡಿತು. ಆದರೆ ತಟ್ಟೆ ಚಾಚಿದವರಿಲ್ಲ. ಒಬ್ಬನಿಗೆ ಹಲ್ಲುನೋವು. ಒಬ್ಬಳಿಗೆ ಡಾಕ್ಟರು ಬೇಡವೆಂದಿದ್ದರು, ಯಾವ ಡಾಕ್ಟರು ಎಂದರೆ ನೆನಪಿಲ್ಲ. ಪಾದ್ರಿಗಳು ತಾವು ಶವಸಂಸ್ಕಾರದ ಊಟ ಮುಗಿಸಿ ಈಗಷ್ಟೇ ಬಂದದ್ದೆಂದು ಹೊಟ್ಟೆ ಸವರಿಕೊಂಡರು. ಆ ದಿನ ಊರಿನಲ್ಲಿ ಯಾರೂ ಸತ್ತಿರಲಿಲ್ಲ. ಬೆಥಿಯಾಳ ಚಾಕು ಕಡುಬಿನ ಮೇಲೆ ಹಾಗೇ ನಿಂತಿತು. ಹೆರಿಂಗ್ ಕಾಲದಿಂದ ಅವಳ ಕೈಯಲ್ಲಿ ಚಾಕು ನಿಂತದ್ದನ್ನು ಯಾರೂ ಕಂಡಿರಲಿಲ್ಲ; ಅಂದು ಕಂಡರು.

“ನಂಗೆ ಕೊಡಿ” ಎಂದು ಪಿಟೆನ್‌ಡ್ರಿಯವರು ಎದ್ದರು.

ಅವರು ಚಮಚ ಎತ್ತಿದರು. ಒಂದು ಗಳಿಗೆ ತಡೆದರು. ಆ ಸಾವನ್ನು ಬರೆದವರು ಅವರೇ, ಎಷ್ಟು ಚೆನ್ನಾಗಿ ಬರೆದಿದ್ದರೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಪಕ್ಕದಲ್ಲಿದ್ದ ವಕೀಲ ಕಿನ್‌ಲಾಕ್, ಪಾಪ, ಮರ್ಯಾದೆಗೆಂದು ಸಕ್ಕರೆಯ ಬಟ್ಟಲನ್ನು ಅವರ ಕಡೆ ಸರಿಸಿದರು. ಪಿಟೆನ್‌ಡ್ರಿಯವರು ಕಣ್ಣು ಮುಚ್ಚಿ ತುತ್ತನ್ನು ಬಾಯಿಗಿಟ್ಟರು.

ಆ ಹೊತ್ತಿಗೆ ಸರಿಯಾಗಿ ಹಿಂದಿನ ಬೆಂಚಿನಲ್ಲಿ, ಮೇಜಿನ ಕೆಳಗೆ ಪುಸ್ತಕದ ಕೊನೆಯ ಪುಟ ಹಿಡಿದು ಕೂತಿದ್ದ ಡಾಲ್‌ಗಾರ್ನೊ ಚಂಗನೆ ಎದ್ದು ನಿಂತರು.

“ವಕೀಲ! ವಿಷ ಹಾಕ್ದೋನು ವಕೀಲ! ಸಕ್ಕರೇಲಿ ಹಾಕಿದಾನೆ!”

ವರ್ಷವಿಡೀ ಕಾಪಾಡಿಕೊಂಡು ಬಂದ ಗುಟ್ಟು ಹೀಗೆ ಹಾಲ್ ತುಂಬ ಚೆಲ್ಲಿಹೋದದ್ದನ್ನು ಕೇಳಿ ಪಿಟೆನ್‌ಡ್ರಿಯವರು “ಅಯ್ಯೋ!” ಎಂದು ಉಸಿರೆಳೆದುಕೊಂಡರು. ಉಸಿರಿನ ಜೊತೆಗೆ ಮೂರು ಪೆನ್ನಿಯ ನಾಣ್ಯವೂ ಗಂಟಲಿಗೆ ಹೋಯಿತು. ಮುಖ ಕೆಂಪಾಯಿತು, ನೇರಳೆಯಾಯಿತು, ಕೊನೆಗೆ ಪುಸ್ತಕದಲ್ಲಿದ್ದ ನೀಲಿಗೇ ಬಂತು. ಅವರು ಕೆಮ್ಮಿದ ಕೆಮ್ಮಿಗೆ ಗೋಡೆಯ ಗಡಿಯಾರ ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಹೊಡೆಯಿತು.

“ವಕೀಲನ್ನ ಹಿಡೀರಿ!” ಎಂದು ಯೂಫಿ ಕಿರುಚಿದಳು. ಕಿನ್‌ಲಾಕರ ಮೇಲೆ ಮೂವರು ಮೀನುಗಾರರು ಕೂತರು.

ಬೆಥಿಯಾ ಒಬ್ಬಳೇ ಯಜಮಾನರ ಹಿಂದೆ ಬಂದು, ತೋಳು ಮಡಚಿ, ಬೆನ್ನಿಗೆ ಒಂದೇ ಒಂದು ಏಟು ಕೊಟ್ಟಳು. ನಾಣ್ಯ ಗುಂಡಿನಂತೆ ಹಾರಿ, ಹಾಲ್ ದಾಟಿ, ಯೂಫಿಯ ಕೇಕಿನೊಳಗೆ ಹೊಕ್ಕಿತು. ಆ ಕೇಕನ್ನು ಮತ್ತೆ ಯಾರೂ ಮುಟ್ಟಲಿಲ್ಲ.

ಆಮೇಲೆ ಊರು ಕಡುಬಿನ ಮೇಲೆ ಮುಗಿಬಿತ್ತು. ಹಲ್ಲುನೋವಿನವನು ಎರಡು ಹೋಳು ತಿಂದ, ಪಾದ್ರಿಗಳು ಮೂರು. ಜೈಲಿನಿಂದ ಬಿಡುಗಡೆಯಾದಳೆಂದು ಒಬ್ಬರು ಬೆಥಿಯಾಳ ಕೈಕುಲುಕಿದರು. ಕಿನ್‌ಲಾಕರ ಮೇಲಿಂದ ಮೀನುಗಾರರು ಎದ್ದರೇನೋ ನಿಜ, ಆದರೆ ವಕೀಲರು ಸರಿಸಿದ ಸಕ್ಕರೆಯನ್ನು ಆ ಊರಿನಲ್ಲಿ ಯಾರೂ ಚಹಾಕ್ಕೆ ಹಾಕಿಕೊಂಡದ್ದು ಮುಂದೆಂದೂ ಕಾಣಲಿಲ್ಲ.

ಸಂಜೆ ದಿಬ್ಬ ಹತ್ತುವಾಗ ಪಿಟೆನ್‌ಡ್ರಿಯವರು ಬೆನ್ನು ನೀವಿಕೊಳ್ಳುತ್ತ ನಡೆಯುತ್ತಿದ್ದರು. ಖಾಲಿ ತಟ್ಟೆ ಹಿಡಿದ ಬೆಥಿಯಾ ಎರಡು ಹೆಜ್ಜೆ ಮುಂದಿದ್ದಳು.

“ಮಿಸೆಸ್ ಲಮ್ಸ್‌ಡೆನ್, ನಲವತ್ತು ವರ್ಷದಲ್ಲಿ ಯಾರೂ ಕೆಮ್ಮಿಲ್ಲ ಅಂತಿದ್ರಲ್ಲ. ಇನ್ಮೇಲೆ ಹಾಗನ್ನೋ ಹಾಗಿಲ್ಲ, ಅಲ್ವಾ?”

ಬೆಥಿಯಾ ತಿರುಗಿಯೂ ನೋಡಲಿಲ್ಲ.

“ಕಡುಬು ಸಲೀಸಾಗಿ ಇಳೀತು ಯಜಮಾನ್ರೇ. ಗಂಟ್ಲಲ್ಲಿ ಸಿಕ್ಕಿದ್ದು ನಿಮ್ಮ ಕೊನೇ ಅಧ್ಯಾಯ. ಅದನ್ನ ಇನ್ನೂ ಸ್ವಲ್ಪ ಬೇಯಿಸ್ಬೇಕಿತ್ತು.”