ಚಂದ್ರು ಡಾಕ್ಟರರ ಮೂರು ಫೋಟೊ

ಹೊಸ ಹಲ್ಲು ಕಟ್ಟಿಸಿಕೊಂಡವರನ್ನು ಚಂದ್ರು ಡಾಕ್ಟರು ಅಡಿಕೆ ಹೋಳು ಅಗಿಸದೆ ಮನೆಗೆ ಕಳಿಸುತ್ತಿರಲಿಲ್ಲ. ನಮ್ಮ ಶಿರಸಿಯಲ್ಲಿ ಹಲ್ಲು ಇರುವುದೇ ಎಲೆಯಡಿಕೆಯ ಕವಳಕ್ಕೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹುಲೇಕಲ್ ಕಡೆಯ ಹೆಗಡೆಯವರೊಬ್ಬರು, "ಯಂಗೆ ಚಂದ ಬ್ಯಾಡ ಮಾರಾಯಾ, ಕವಳ ಅಗಿಯಲೆ ಬಂದ್ರೆ ಸಾಕು" ಎಂದರೆ, "ಹೆಗಡೇರೇ, ಚಂದ ಬೇಕಂದ್ರೂ ಈ ವಯಸ್ಸಲ್ಲಿ ನಾ ಎಲ್ಲಿಂದ ತರ್ಲಿ?" ಎನ್ನುತ್ತಿದ್ದರು. ಬಾಯಿ ತೆರೆದು ಕೂತವರಿಗೆ ನಗಲೂ ಆಗುತ್ತಿರಲಿಲ್ಲ.

ಸಿದ್ದಾಪುರ, ಯಲ್ಲಾಪುರದ ಸಂತೆಗಳಿಗೂ ಅವರು ಪೆಟ್ಟಿಗೆ ಹಿಡಿದು ಹೋಗುತ್ತಿದ್ದರು. ಎಲ್ಲಿ ಹೋದರೂ ಜನ ಕರೆಯುವುದು ಚೀನಾ ಡಾಕ್ಟ್ರು ಎಂದೇ. ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಬೆಳೆದದ್ದು ಶಿರಸಿಯಲ್ಲಿ, ಶಾಲೆಯಲ್ಲಿ ತಾಯಿ ಬರೆಸಿದ ಹೆಸರು ಚಂದ್ರಶೇಖರ. ಆದರೂ ಚೀನಾ ಗಡಿಯ ಸುದ್ದಿ ಪೇಪರಿನಲ್ಲಿ ಬಂದ ದಿನ ಯಾರಾದರೊಬ್ಬರು, "ಎಂತದ್ರೀ ಡಾಕ್ಟ್ರೇ, ನಿಮ್ಮೋರು ಮತ್ತೆ ಬಂದ್ರಂತಲ್ಲ" ಅಂದೇ ಅನ್ನುತ್ತಿದ್ದರು. ಡಾಕ್ಟರು ನಗುತ್ತಿದ್ದರು. ಅವರ ಅಂಗಡಿ-ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ನನಗೆ ಮಾತ್ರ ಮೈ ಉರಿಯುತ್ತಿತ್ತು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಚಂದ್ರು ಡಾಕ್ಟರಷ್ಟು ಚೆಂದದ ಕನ್ನಡ ನನ್ನ ಸಹೋದ್ಯೋಗಿಗಳಲ್ಲೇ ಕೆಲವರಿಗೆ ಬರುತ್ತಿರಲಿಲ್ಲ.

ಅವರಿಗೆ ಬಾರದ್ದು ಚೀನೀ ಅಕ್ಷರ. ಅರವತ್ತೆರಡರ ಚೀನಾ ಯುದ್ಧದ ವರ್ಷ, ಚೀನಾದಿಂದ ಬಂದು ಹುಬ್ಬಳ್ಳಿಯಲ್ಲಿ ಹಲ್ಲಿನ ಅಂಗಡಿ ಇಟ್ಟಿದ್ದ ತಂದೆಯನ್ನು ಪೊಲೀಸರು ಕರೆದೊಯ್ದರು. ದೂರದ ಶಿಬಿರದಲ್ಲಿಟ್ಟು, ಅಲ್ಲಿಂದ ಹಡಗು ಹತ್ತಿಸಿದರಂತೆ. ಮುಂದೆ ಪತ್ತೆಯಿಲ್ಲ. ತಾಯಿ ಮಗುವನ್ನು ಎತ್ತಿಕೊಂಡು ಶಿರಸಿಗೆ ಬಂದು ಹೊಲಿಗೆ ಹೊಲಿದು ಸಾಕಿದರು. ಉಳಿದದ್ದು ಮೂರು ಫೋಟೊ. ಮೂರರ ಬೆನ್ನಿಗೂ ತಂದೆಯ ಕೈಬರಹ. ಮೂರನೆಯದು ಪೊಲೀಸರು ಬಾಗಿಲಲ್ಲಿ ನಿಂತಿದ್ದಾಗ ಪೆನ್ಸಿಲಿನಲ್ಲಿ ಗೀಚಿದ್ದು, ಗೆರೆ ಗೆರೆಗೆ ಸಿಕ್ಕಿಕೊಂಡಿತ್ತು. ಓದಿ ಹೇಳು ಎಂದಾಗಲೆಲ್ಲ, ಚೀನೀ ಅಕ್ಷರ ಮಾತ್ರ ಬಲ್ಲ ತಾಯಿ, "ಬ್ಯಾಡ ಬಿಡು, ನೀ ಇಲ್ಲಿಯವ" ಎಂದು ಫೋಟೊ ಒಳಗಿಡುತ್ತಿದ್ದರಂತೆ. ತಾವೂ ಓದಿ ಹೇಳಲಿಲ್ಲ, ಮಗನಿಗೂ ಕಲಿಸಲಿಲ್ಲ. ಆ ಸಿಟ್ಟು ಡಾಕ್ಟರಲ್ಲಿ ಹೊಗೆಯಾಡುತ್ತಲೇ ಇತ್ತು.

ತೊಂಬತ್ತರ ದಶಕದ ಕೊನೆಗೆ ತಾಯಿಗೆ ಲಕ್ವ ಹೊಡೆದು ಮಾತು ನಿಂತಿತು. ಅದೇ ಚಳಿಗಾಲದಲ್ಲಿ ಬನವಾಸಿಯ ಗುಡಿ ನೋಡಲು ಜಪಾನಿನವರೊಬ್ಬರು ಬಂದಿದ್ದಾರೆಂದು ಯಾರೋ ಹೇಳಿದರು. ಜಪಾನಿನವರಿಗೂ ಚೀನೀ ಅಕ್ಷರ ಸ್ವಲ್ಪ ಬರುತ್ತದೆಯೆಂದು ಕೇಳಿದ್ದೇ ತಡ, ಡಾಕ್ಟರು ಮೂರನೆಯ ಫೋಟೊ ಹಿಡಿದು ಓಡಿದರು. ಆತ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಈ ಗೀಚಿನಲ್ಲಿ ನನಗೆ ತಿಳಿಯುವುದು ಎರಡೇ ಎಂದರಂತೆ. ಒಂದು 'ಮಗು', ಇನ್ನೊಂದು 'ಬೇಡ'.

ಸಂಜೆ ಮೆಟ್ಟಿಲ ಮೇಲೆ ಕೂತು, "ಅಪ್ಪಂಗೆ ನಾ ಬ್ಯಾಡಾಗಿದ್ದೆ ಟೀಚರ್" ಎಂದರು. ಎರಡೇ ಅಕ್ಷರ ನಂಬಿ ತೀರ್ಮಾನ ಮಾಡಬೇಡಿ ಎಂದು ನಾನು ಎಷ್ಟು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ತಾಯಿಯನ್ನು ಕೇಳಿದರು. ಅವರು ಅಲ್ಲವೆಂದು ತಲೆಯಾಡಿಸಿದರು, ಮಗ ನಂಬಲಿಲ್ಲ. ಸ್ನಾನ ಮಾಡಿಸುವುದು, ಗಂಜಿ ಕುಡಿಸುವುದು ಯಾವುದನ್ನೂ ತಪ್ಪಿಸಲಿಲ್ಲ. ಮಾತು ಮಾತ್ರ ಬಿಟ್ಟರು. ಮಾತಿಲ್ಲದ ತಾಯಿ, ಮಾತಾಡದ ಮಗ. ಕೆಳಗಿನ ಮನೆಯ ಆ ನಿಶ್ಶಬ್ದ ಕೇಳಲಾಗದೆ ನಾನು ಬೇಕೆಂದೇ ರೇಡಿಯೊ ಹಾಕುತ್ತಿದ್ದೆ. ಕೆಲವೇ ತಿಂಗಳಲ್ಲಿ ತಾಯಿ ತೀರಿಕೊಂಡರು.

ನಾಲ್ಕೈದು ವರ್ಷದ ಮೇಲೆ, ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಆ ಬರಹ ಓದಬಲ್ಲವರಿದ್ದಾರೆಯೇ ಕೇಳಿ ನೋಡೋಣ ಎಂದು ನಾನೇ ಹೊರಡಿಸಿದೆ. ಇಷ್ಟು ಹತ್ತಿರವಿದ್ದೂ ಅವರು ಅಲ್ಲಿಗೆ ಹೋಗಿರಲಿಲ್ಲ. ಚೀನಾದವನೆಂದು ಹೊರಹಾಕಿದರೆ ಎಂಬ ಅಳುಕು. ಅಳುಕು ಸುಳ್ಳೇನಲ್ಲ. ಸ್ವೆಟರ್ ಅಂಗಡಿಯ ಹೆಂಗಸು ಬರಹ ನೋಡಿದವಳೇ, "ಇದು ನಮ್ದಲ್ಲ. ನಮ್ಮನ್ನ ಊರು ಬಿಡಿಸಿದೋರದ್ದು" ಎಂದು ಮುಖ ತಿರುಗಿಸಿದಳು. ಡಾಕ್ಟರು, "ನಮ್ಮಪ್ಪನ್ನೂ ಊರು ಬಿಡಿಸಿದ್ರಮ್ಮ" ಎಂದರು. ಅವಳು ಎದ್ದು ಹೋಗಿ, ಒಳಗಿನಿಂದ ತನ್ನ ಮಾವನನ್ನು ಕರೆತಂದಳು. ಆ ಮುದುಕರು ಚೀನೀ ಜೈಲಿನಲ್ಲಿ ವರ್ಷಗಟ್ಟಲೆ ಇದ್ದು ಅಕ್ಷರ ಕಲಿತವರು.

ಮುದುಕರು ಹಿಂದಿಯಲ್ಲಿ ಹೇಳಿದರು. ಮೊದಲನೆಯದರ ಹಿಂದೆ, ಅಂಗಡಿ ತೆರೆದ ದಿನ. ಎರಡನೆಯದರ ಹಿಂದೆ, ಮಗ ಮೊದಲ ಹೆಜ್ಜೆ ಇಟ್ಟ. ಮೂರನೆಯದಕ್ಕೆ ಬಹಳ ಹೊತ್ತು ಹಿಡಿಯಿತು. 'ಮಗುವಿಗೆ ಈ ಅಕ್ಷರ ಕಲಿಸಬೇಡ. ಕಲಿತರೆ ಅವನನ್ನೂ ಒಯ್ಯುತ್ತಾರೆ. ಅವನು ಈ ಊರಿನವನಾಗಿ ಬದುಕಲಿ.'

ಡಾಕ್ಟರು ಫೋಟೊ ಇಸಿದುಕೊಂಡು, ಅವರಿಗೆ ಕೈಮುಗಿದು ಹೊರಗೆ ಬಂದರು.

ಆ ವರ್ಷದ ಮಳೆಗಾಲದಲ್ಲೇ ಎದೆನೋವು ಬಂದು ಚಂದ್ರು ಡಾಕ್ಟರು ಹೋಗಿಬಿಟ್ಟರು. ಊರಿನವರು ಅವರ ಹಲ್ಲನ್ನೂ ತಮಾಷೆಯನ್ನೂ ನೆನೆಸುತ್ತಾರೆ. ನನಗೆ ನೆನಪಾಗುವುದು ಮುಂಡಗೋಡದಿಂದ ವಾಪಸು ಬರುವ ಬಸ್ಸು. ಪಾಳಾ ಊರು ದಾಟುವವರೆಗೆ ಅವರು ಮೂರನೆಯ ಫೋಟೊದ ಬೆನ್ನನ್ನೇ ತಿರುತಿರುಗಿಸಿ ನೋಡುತ್ತಿದ್ದರು. ಆಮೇಲೆ ತಮ್ಮ ಬಲ ಅಂಗೈ ನೋಡುತ್ತ ಹೇಳಿದರು:

"ಮಾತು ನಿಂತ ಮೇಲೆ ಒಂದಿನ ಅವ್ವ ನನ್ನ ಕೈ ಹಿಡ್ಕೊಂಡು ಅಂಗೈ ಮೇಲೆ ಬೆರಳಲ್ಲಿ ಆ ಅಕ್ಷರ ಬರೀತಾ ಇದ್ಲು ಟೀಚರ್. ಬರೆಯೂದು, ನನ್ನ ಮುಖ ನೋಡೂದು, ಮತ್ತೆ ಬರೆಯೂದು. ಕಲ್ಸಬೇಕಾದಾಗ ಕಲ್ಸದೆ ಈಗೆಂತ ಬರೀತಿ ಅಂತ ಬೈದು ಕೈ ಎಳ್ಕೊಂಡೆ."