ಈಚೆಗ್ ಬಂದ್ಯೇನ್ಲಾ, ಸಿದ್ದ?

ಕಚ್ಚಿಕೊಂಡ ವೀಲಿಗೆ ಒದೆಯುವ ಮುಂಚೆ ಗಂಗಣ್ಣ ಗಾಡಿಯ ಅಡಿಗೆ ಮುಖ ಮಾಡಿ ಕೂಗುತ್ತಿದ್ದ: "ಸಿದ್ದಾ, ಈಚೆಗ್ ಬಂದ್ಯೇನ್ಲಾ?"

ಗಾಡಿಯ ಅಡಿಯಲ್ಲಿ ಯಾರೂ ಇರುತ್ತಿರಲಿಲ್ಲ. ಅಂಗಡಿಯಲ್ಲೂ ಅವನನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆ ಇರಲಿಲ್ಲ. ಆದರೂ ಕೂಗಿದವನು ತಲೆ ವಾರೆ ಮಾಡಿಕೊಂಡು ಉತ್ತರಕ್ಕೆ ಕಾಯುತ್ತಿದ್ದ. ಆಮೇಲೆ ಮಂಡಿಯೂರಿ, ಕತ್ತು ಒಳಗೆ ಹಾಕಿ, ಕಣ್ಣಾರೆ ನೋಡಿ, ಎದ್ದು, ಪಂಚೆ ಮೇಲಕ್ಕೆ ಕಟ್ಟಿ ಒದೆಯುತ್ತಿದ್ದ.

ಗೂಳೂರು ದಾಟಿ ಕುಣಿಗಲ್ ಕಡೆ ಹೋಗುವ ರಸ್ತೆಯಲ್ಲಿ ಅವನ ಪಂಕ್ಚರ್ ಅಂಗಡಿ. ನಾನು ತುಮಕೂರಿನ ಬೇಕರಿಯೊಂದರಿಂದ ಬ್ರೆಡ್ಡು, ಬನ್ನು ತುಂಬಿಕೊಂಡು ಕುಣಿಗಲ್, ಹುಲಿಯೂರುದುರ್ಗಕ್ಕೆ ಹಾಕಿ ಬರುವ ವ್ಯಾನಿನ ಡ್ರೈವರ್. ನನ್ನ ಹೆಸರು ಅವನಿಗೆ ಗೊತ್ತಿತ್ತೋ ಇಲ್ಲವೋ, ಕೊನೆಯವರೆಗೂ "ಏನಪ್ಪಾ ಬ್ರೆಡ್ಡು, ಇವತ್ ಯಾವ್ ಕಾಲ್ ನೋವು?" ಅಂತಲೇ ಕೇಳುತ್ತಿದ್ದ. ಗಾಡಿಯ ಚಕ್ರಗಳೆಲ್ಲ ಅವನ ಬಾಯಲ್ಲಿ ಕಾಲುಗಳೇ.

ನಮ್ಮ ವ್ಯಾನು ಹಳೇದು. ತುಕ್ಕು ಹಿಡಿದು ವೀಲು ಡ್ರಮ್ಮಿಗೆ ಅಂಟಿಕೊಂಡುಬಿಟ್ಟರೆ, ನಟ್ಟೆಲ್ಲ ಬಿಚ್ಚಿದರೂ ಜಪ್ಪಯ್ಯ ಅಂದರೂ ಅಲ್ಲಾಡದು. ಬೇರೆಯವರಾದರೆ ಸುತ್ತಿಗೆ ತಗೊಂಡು ಕುಟ್ಟುತ್ತಿದ್ದರು. ಗಂಗಣ್ಣ ಹಾಗಲ್ಲ. ಮೊದಲು ಸ್ಟೆಪ್ನಿಯನ್ನು ಗಾಡಿಯ ಅಡಿಗೆ ಮಲಗಿಸುತ್ತಿದ್ದ, ಜಾಕು ಜಾರಿದರೂ ಗಾಡಿ ಅದರ ಮೇಲೆ ಕೂರಲಿ ಅಂತ. ವೀಲು ಹಾರಿ ಬೀಳದಿರಲಿ ಅಂತ ಎರಡು ನಟ್ಟನ್ನು ಪೂರ್ತಿ ತೆಗೆಯದೆ ತುದಿಯಲ್ಲಿ ಉಳಿಸುತ್ತಿದ್ದ. ಸಂದಿಗೆ ಚೂರು ಡೀಸೆಲ್ ಬಿಟ್ಟು ಬೀಡಿ ಸೇದಲು ರಸ್ತೆಯ ಆಚೆ ಹೋಗುತ್ತಿದ್ದ. ಬಂದಮೇಲೆ ಆ ಕೂಗು, ಆ ಕಾಯುವುದು, ಆಮೇಲೆ ಟೈರಿನ ಎಡಕ್ಕೊಂದು, ಬಲಕ್ಕೊಂದು ಹಿಮ್ಮಡಿ ಏಟು.

"ಬೇಗ ಆಗ್ಲಿ ಗಂಗಣ್ಣ" ಅಂದರೆ, "ವೀಲು ಎಲ್ಲೂ ಓಡೋಗಲ್ಲ ಕಣಪ್ಪ, ನೀನ್ ಯಾಕ್ ಓಡ್ತೀಯ?" ಅನ್ನುತ್ತಿದ್ದ.

ನನಗೋ ಮೂಗಿನ ತುದಿಯಲ್ಲೇ ಕೋಪ. ಒಂದು ಬೆಳಿಗ್ಗೆ ಕುಣಿಗಲ್ಲಿನ ಅಂಗಡಿಯವರು ಮೇಲಿಂದ ಮೇಲೆ ಫೋನು ಮಾಡಿ ತಲೆ ತಿನ್ನುತ್ತಿದ್ದರು. ಗಂಗಣ್ಣ ಎಂದಿನಂತೆ ಕೂಗಿ, ತಲೆ ವಾರೆ ಮಾಡಿ ನಿಂತ. ನನಗೆ ರೇಗಿಹೋಯಿತು. ವ್ಯಾನಿನ ಆ ಮಗ್ಗುಲಲ್ಲಿ ನಿಂತಿದ್ದವನು, ಅವನಿಗೆ ಕಾಣದಂತೆ ಬಗ್ಗಿ, "ಬಂದೆ ಕಣಣ್ಣ, ಒದಿ!" ಅಂದೆ.

ಒದೆ ಬೀಳಲಿಲ್ಲ. ಸುತ್ತಿ ಬಂದು ನೋಡಿದರೆ ಗಂಗಣ್ಣ ನೆಲದ ಮೇಲೆ ಕೂತುಬಿಟ್ಟಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಸ್ಪ್ಯಾನರ್ ನನ್ನ ಕೈಗೆ ಕೊಟ್ಟು, "ನೀನೇ ಬಿಚ್ಕೊಳಪ್ಪ" ಅಂದು ಒಳಗೆ ಹೋದ.

ಪಕ್ಕದಲ್ಲಿ ಟೀ ಅಂಗಡಿ ಇಟ್ಟಿದ್ದ ಪುಟ್ಟಮ್ಮ ನನ್ನನ್ನು ಕರೆದು ತರಾಟೆಗೆ ತೆಗೆದುಕೊಂಡಳು. "ಎಂಥಾ ಮಾತ್ ಆಡ್ಬುಟ್ಟೆ ಅಣ್ಣ! ಸಿದ್ದ ಅಂದ್ರೆ ಅವ್ನ್ ತಮ್ಮ ಕಣೋ. ಹಾಗಲವಾಡಿ ರಸ್ತೇಲಿ ಜೀಪಿಂದು ವೀಲ್ ಕಚ್ಕೊಂಡಿತ್ತಂತೆ. ಸಿದ್ದ ಅಡೀಗ್ ಹೋಗಿ ಒಳಗಿಂದ ಕುಟ್ತಾವ್ನೆ. ಇವ್ನು 'ಈಚೆಗ್ ಬಾರ್ಲಾ' ಅಂತ ಕೂಗ್ದ. ಕೂಗ್ದೋನು ಅವ್ನು ಬರೋಗಂಟ ಕಾಯ್ಲಿಲ್ಲ. ಅರ್ಜೆಂಟಲ್ಲಿ ಒದ್ದೇಬುಟ್ಟ. ಜಾಕ್ ವಾಲ್ಕೊಂಡು ಗಾಡಿ ಸಿದ್ದನ್ ಮೇಲೇ ಕೂತ್ಕೊಂಬುಡ್ತು."

ಕೈಯಲ್ಲಿದ್ದ ಟೀ ಆರಿಹೋಯಿತು. ನಾಚಿಕೆಯಿಂದ ಒಂದು ತಿಂಗಳು ಆ ಅಂಗಡಿಯ ಮುಂದೆ ಗಾಡಿ ನಿಲ್ಲಿಸಲಿಲ್ಲ. ಆಮೇಲೆ ನಿಲ್ಲಿಸಿದಾಗ ಅವನು ಏನೂ ಆಗಿಲ್ಲದವನಂತೆ "ಏನಪ್ಪಾ ಬ್ರೆಡ್ಡು" ಅಂದ. ಆದರೆ ಅವನು ಕೂಗಿ ಕಾಯುವ ಹೊತ್ತು ಈಗ ನನ್ನ ಬೆನ್ನಲ್ಲಿ ಚಳಿ ಹುಟ್ಟಿಸುತ್ತಿತ್ತು. ನಾನೂ ಅವನ ಜೊತೆ ಕಿವಿಗೊಡುತ್ತಿದ್ದೆ. ಎಲ್ಲಿ ಅಡಿಯಿಂದ ನಿಜವಾಗಿ ಯಾರಾದರೂ ಓ ಅಂದುಬಿಡುತ್ತಾರೋ ಅಂತ ಹೆದರಿಕೆ.

ಕೊನೆಯ ಸಲ ನೋಡಿದ್ದು ಹೋದ ವರ್ಷ. ಗಂಗಣ್ಣನಿಗೆ ವಯಸ್ಸಾಗಿತ್ತು. ಅಂಗಡಿ ಮುಚ್ಚಿ ಗುಬ್ಬಿಯಲ್ಲಿರುವ ಮಗಳ ಮನೆಗೆ ಹೊರಡುವವನಿದ್ದ. "ನಿಂದೇ ಕಡೇ ಗಾಡಿ" ಅಂದ. ಹಿಂದಿನ ವೀಲು ಕಚ್ಚಿಕೊಂಡಿತ್ತು. ಸ್ಟೆಪ್ನಿ ಅಡಿಗೆ ಮಲಗಿಸಿದ, ಕೂಗಿದ, ಕಾದ. ಕಾಯುತ್ತಲೇ ಇದ್ದ. ಕಾಲು ಎತ್ತಲಿಲ್ಲ.

"ಅಣ್ಣ, ನಾನ್ ಒದೀಲಾ?" ಅಂದೆ.

ಬೇಡ ಅಂತ ತಲೆಯಾಡಿಸಿದ. ನನ್ನ ಮುಖ ನೋಡದೆ, "ಅವತ್ತೊಂದಿನ ಅಂದಿದ್ಯಲ್ಲ... ಇನ್ನೊಂದ್ಸಲ ಅನ್ನಪ್ಪ" ಅಂದ.

ಆಗಲ್ಲ ಅನ್ನಬೇಕು ಅನ್ನಿಸಿತು. ಆದರೆ ಆ ಮನುಷ್ಯ ಅಷ್ಟು ವರ್ಷ ಕಾದಿದ್ದ. ಸುತ್ತಿಕೊಂಡು ಆ ಮಗ್ಗುಲಿಗೆ ಹೋದೆ, ಅವನಿಗೆ ಕಾಣದಂತೆ ಕೂತೆ. ಅವನು ಮತ್ತೆ ಕೂಗಿದ. "ಸಿದ್ದಾ, ಈಚೆಗ್ ಬಂದ್ಯೇನ್ಲಾ?"

"ಬಂದೆ ಕಣಣ್ಣ."

ಆಮೇಲೆ ಗಂಗಣ್ಣ, ನನ್ನ ಹತ್ತಿರ ಎಂದೂ ಆಡಿರದ ಮೆತ್ತಗಿನ ದನಿಯಲ್ಲಿ, "ಇಷ್ಟೊತ್ತು ಏನ್ಲಾ ಮಾಡ್ತಿದ್ದೆ ಅಲ್ಲಿ?" ಅಂದ. ಒಂದೇ ಒದೆ. ವೀಲು ಕಳಚಿಕೊಂಡಿತು.

ಅವನು ತೀರಿಕೊಂಡ ಸುದ್ದಿ ಹೇಳಿದ್ದು ಪುಟ್ಟಮ್ಮ. ಆ ಅಂಗಡಿಯ ಶಟರ್ ಈಗಲೂ ಮುಚ್ಚಿದೆ.

ಮೊನ್ನೆ ಹುಲಿಯೂರುದುರ್ಗದ ರಸ್ತೆಯಲ್ಲಿ ಟೈರು ಪಂಕ್ಚರ್ ಆಯಿತು. ನಡುಮಧ್ಯಾಹ್ನ, ಸುತ್ತ ಯಾರೂ ಇಲ್ಲ. ವೀಲು ಅಂಟಿಕೊಂಡಿತ್ತು. ಸ್ಟೆಪ್ನಿ ಅಡಿಗೆ ಮಲಗಿಸಿದೆ, ಎರಡು ನಟ್ಟು ಉಳಿಸಿದೆ, ಡೀಸೆಲ್ ಬಿಟ್ಟೆ. ಒದೆಯಲು ಕಾಲೆತ್ತಿದವನು ಇಳಿಸಿದೆ. ಯಾರಾದರೂ ನೋಡಿದ್ದರೆ ಹುಚ್ಚ ಅನ್ನುತ್ತಿದ್ದರು, ಅಂದುಕೊಳ್ಳಲಿ.

"ಗಂಗಣ್ಣಾ, ಸಿದ್ದಾ, ಇಬ್ರೂ ಈಚೆಗ್ ಬಂದ್ರಾ?" ಅಂತ ಕೂಗಿದೆ.

ಫೋನು ಹೊಡೆದುಕೊಳ್ಳುತ್ತಿತ್ತು. ಎತ್ತಲಿಲ್ಲ. ಮಂಡಿಯೂರಿ ಬಗ್ಗಿ ನೋಡಿದೆ. ಸ್ಟೆಪ್ನಿ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಆದರೂ ಇನ್ನೂ ಸ್ವಲ್ಪ ಹೊತ್ತು ಕಾದೆ.